ಬೆಲ್ಲದ ಸೀಮೆಗೆ ತಡವಾಗಿ ಬಂದ ರಮ್

ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ಈಚೆಗೆ ಹೊರತಂದಿರುವ ಒಂದು ರಮ್‌ನ ಹೆಸರು ‘ಬೆಲ್ಲ’. ಬರೀ ಬೆಲ್ಲವನ್ನೇ ಹುದುಗಿಸಿ, ಭಟ್ಟಿ ಇಳಿಸಿ, ಆರು ವರ್ಷ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿದ ಮದ್ಯವಿದು. ಹೊರದೇಶದ ರಮ್ ಪ್ರಿಯರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗುತ್ತದೆ. ಹೊಸಪೇಟೆ-ಕಂಪ್ಲಿಯವರಿಗೆ ಆ ತೊಂದರೆಯಿಲ್ಲ. ಅಲ್ಲಿ ವಿಜಯನಗರದ ಕಾಲದಿಂದ ಹರಿದು ಬಂದಿರುವ ಕಾಲುವೆಗಳಲ್ಲಿ ಒಂದರ ಹೆಸರೇ ಬೆಲ್ಲ ಕಾಲುವೆ. ರಾಯ, ಬಸವಣ್ಣ, ತುರ್ತು, ಕಾಳಘಟ್ಟ, ರಾಮಸಾಗರ, ಕಂಪ್ಲಿ ಎಂದು ಸಾಗುವ ಆ ಕಾಲುವೆಗಳ ನೀರಿನಲ್ಲಿ ಭತ್ತ, ಬಾಳೆ, ಕಬ್ಬು ಬೆಳೆದಿವೆ. ವರ್ಷದಲ್ಲಿ ಹೆಚ್ಚುಕಡಿಮೆ ಹನ್ನೊಂದು ತಿಂಗಳು ನೀರು ಸಿಗುವುದರಿಂದಲೇ, ಸುತ್ತಲೂ ಬಂಡೆಗುಡ್ಡ ಕಾದು ಕೆಂಡವಾಗುವ ಈ ಸೀಮೆಯಲ್ಲಿ ವರ್ಷದ ಬೆಳೆಯಾದ ಕಬ್ಬು ನಿಲ್ಲುತ್ತದೆ.

ಹಾಗಿದ್ದರೆ ಒಂದು ಪ್ರಶ್ನೆ ಏಳುತ್ತದೆ. ಇಷ್ಟು ಕಬ್ಬು, ಇಷ್ಟು ಬೆಲ್ಲ ಇದ್ದ ನಾಡಿನಲ್ಲಿ ರಮ್ ಏಕೆ ಹುಟ್ಟಲಿಲ್ಲ? ಕಬ್ಬೆಂದರೇನೆಂದು ತಿಳಿಯದಿದ್ದ, ಸಾವಿರಾರು ಮೈಲಿ ದೂರದ ಕೆರಿಬಿಯನ್ ದ್ವೀಪಗಳಲ್ಲಿ ಅದು ಹುಟ್ಟಿದ್ದಾದರೂ ಹೇಗೆ?

ರಮ್ ಎಂದರೆ ಕಬ್ಬಿನಿಂದ ಬಂದ ಸಿಹಿಯನ್ನು ಹುದುಗಿಸಿ ಭಟ್ಟಿ ಇಳಿಸಿದ ಮದ್ಯ. ಆ ಸಿಹಿ ಮೂರು ರೂಪಗಳಲ್ಲಿ ಸಿಗುತ್ತದೆ. ಗಾಣದಿಂದ ಇಳಿದ ಹಸಿ ಕಬ್ಬಿನ ಹಾಲು ಒಂದು. ಫ್ರೆಂಚರ ಮಾರ್ಟಿನಿಕ್ ದ್ವೀಪದವರು ಮೆಚ್ಚುವುದು ಇದನ್ನು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿ ಇನ್ನೊಂದು. ಲೋಕದ ಬಹುಪಾಲು ರಮ್ ಇದರದ್ದು. ಮೂರನೆಯದು ನಮ್ಮ ಬೆಲ್ಲ. ಮೇಲಿನ ಪ್ರಶ್ನೆಗೆ ಉತ್ತರ ಇರುವುದು ಎರಡನೆಯ ಮತ್ತು ಮೂರನೆಯ ವಸ್ತುಗಳ ನಡುವಿನ ವ್ಯತ್ಯಾಸದಲ್ಲಿ.

ಆಲೆಮನೆಯನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತದೆ. ಒಣಗಿದ ಸಿಪ್ಪೆಯೇ ಒಲೆಗೆ ಉರುವಲು. ಚೂರು ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ಮಡ್ಡಿಯಾಗಿ ಮೇಲೇಳುತ್ತದೆ, ಅದನ್ನು ತೆಗೆದುಹಾಕುತ್ತಾರೆ. ಆಮೇಲೆ ಪಾಕ ಬಂದದ್ದನ್ನು ಅಚ್ಚಿಗೆ ಸುರಿಯುತ್ತಾರೆ. ಈ ವಿಧಾನದಲ್ಲಿ ಸಕ್ಕರೆಯ ಹರಳು, ಕಾಕಂಬಿ ಎಂಬ ಬೇರ್ಪಡೆಯೇ ಇಲ್ಲ. ಹರಳಾಗುವುದೂ ಆಗದಿರುವುದೂ ಒಂದೇ ಅಚ್ಚಿನೊಳಗೆ ಕೂಡುತ್ತವೆ. ಕಬ್ಬಿನ ಸಿಹಿಯೆಲ್ಲವೂ ಊಟದ ಮನೆಗೆ ಹೋಗುತ್ತದೆ. ಭಟ್ಟಿಗೆ ಹಾಕಲು ಮಿಕ್ಕದ್ದೇನೂ ಇರುವುದಿಲ್ಲ. ಹೋಳಿಗೆಗೆ, ಪಾನಕಕ್ಕೆ, ಬಾಣಂತಿಯ ಖಾರಕ್ಕೆ ಬೇಕಾದ ಬೆಲ್ಲವನ್ನು ಕೊಳೆಯಲು ಹಾಕಿ ಹೆಂಡ ಮಾಡುವುದಕ್ಕೆ ಯಾವ ಸಂಸಾರಸ್ಥನ ಮನಸ್ಸು ಒಪ್ಪೀತು? ಅಮಲು ಬೇಕಾದವರಿಗೆ ಹಳ್ಳದ ದಂಡೆಯ ಈಚಲು ಮರದಲ್ಲಿ ಸೇಂದಿ ಇತ್ತು.

ಇಲ್ಲಿನ ಜನರಿಗೆ ಬೆಲ್ಲದ ಮದ್ಯವೇ ಗೊತ್ತಿರಲಿಲ್ಲ ಎಂದು ಇದರ ಅರ್ಥವಲ್ಲ. ಮನುಸ್ಮೃತಿ ಸುರೆಯಲ್ಲಿ ಮೂರು ವಿಧ ಹೇಳುತ್ತದೆ: ಗೌಡಿ, ಪೈಷ್ಟಿ, ಮಾಧ್ವಿ. ಇವುಗಳಲ್ಲಿ ಗೌಡಿ ಎಂಬುದು ಗುಡದಿಂದ, ಅಂದರೆ ಬೆಲ್ಲದಿಂದ ಆದದ್ದು. (ಹೆಸರಿಸಿದ್ದು ಕುಡಿಯಬಾರದು ಎಂದು ವಿಧಿಸುವುದಕ್ಕೇ ಎನ್ನಿ.) ಕೌಟಿಲ್ಯನ ಅರ್ಥಶಾಸ್ತ್ರ ಇನ್ನೂ ಲೌಕಿಕ. ಸುರಾಧ್ಯಕ್ಷನ ಕೆಲಸಗಳನ್ನು ವಿವರಿಸುವ ಅಧ್ಯಾಯದಲ್ಲಿ ಅದು ‘ಮೈರೇಯ’ವನ್ನು ತಯಾರಿಸುವ ಬಗೆ ಕೊಡುತ್ತದೆ, ಒಂದು ಬಗೆಯ ತೊಗಟೆಯ ಕಷಾಯಕ್ಕೆ ಬೆಲ್ಲ, ಹಿಪ್ಪಲಿ, ಮೆಣಸು ಸೇರಬೇಕು. ಇವನ್ನೆಲ್ಲ ಭಟ್ಟಿ ಇಳಿಸುತ್ತಿದ್ದರೋ ಬರಿದೆ ಹುದುಗಿಸುತ್ತಿದ್ದರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಸಾಲೆ ಬೆರೆಸಿದ ರಮ್ ಹೊಸ ಫ್ಯಾಷನ್ ಎಂದು ತಿಳಿದವರು ಈ ಅಧ್ಯಾಯ ಓದಬಹುದು.

ಇನ್ನು ಕೆರಿಬಿಯನ್ ಕಥೆ. ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ, 1493ರಲ್ಲಿ, ಕಬ್ಬಿನ ತುಂಡುಗಳನ್ನು ಅಲ್ಲಿಗೆ ಒಯ್ದ. ಇತ್ತ 1521ರಲ್ಲಿ ಕೃಷ್ಣದೇವರಾಯ ಬಸವಣ್ಣ ಕಾಲುವೆಯನ್ನು ತೋಡಿಸಿದನೆಂದು ಇತಿಹಾಸಕಾರ ರಾಬರ್ಟ್ ಸೆವೆಲ್ ಬರೆಯುತ್ತಾನೆ. ಅದೇ ಕಾಲದಲ್ಲಿ ವಿಜಯನಗರಕ್ಕೆ ಬಂದು ಹೋಗುತ್ತಿದ್ದ, ರಾಯನ ಸೈನ್ಯಕ್ಕೆ ಕುದುರೆ ಮಾರುತ್ತಿದ್ದ ಪೋರ್ಚುಗೀಸರು ಇನ್ನೊಂದು ಕಡೆ ಮದೀರಾ, ಸಾವೊ ತೊಮೆ ದ್ವೀಪಗಳಲ್ಲಿ ಗುಲಾಮರನ್ನು ದುಡಿಸಿ ಕಬ್ಬು ಬೆಳೆಯುವುದನ್ನು ಕಲಿತಾಗಿತ್ತು. ಆ ಪದ್ಧತಿ ಅಲ್ಲಿಂದ ಬ್ರೆಜಿಲ್‌ಗೆ, 1640ರ ದಶಕದಲ್ಲಿ ಇಂಗ್ಲಿಷರ ಬಾರ್ಬಡೋಸ್‌ಗೆ ದಾಟಿತು.

ಅಲ್ಲಿ ಬೆಳೆಯುತ್ತಿದ್ದದ್ದು ಊರಿನ ಅಡುಗೆಮನೆಗಲ್ಲ, ಯೂರೋಪಿನ ಚಹಾ ಬಟ್ಟಲಿಗೆ. ಹಡಗಿನಲ್ಲಿ ದೂರ ಹೋಗಬೇಕಾದರೆ ಒಣ ಹರಳಿನ ಸಕ್ಕರೆಯೇ ಆಗಬೇಕು. ಮಣ್ಣಿನ ಗಡಿಗೆಗಳಲ್ಲಿ ಪಾಕ ತುಂಬಿಟ್ಟು ಕಾಕಂಬಿಯನ್ನು ಸೋರಿಸಿಬಿಡುತ್ತಿದ್ದರು. ಸೋರಿದ ಕಾಕಂಬಿ, ಕೊಪ್ಪರಿಗೆಯಿಂದ ತೆಗೆದ ಮಡ್ಡಿ ಎರಡೂ ರಾಶಿ ಬೀಳುತ್ತಿದ್ದವು. ಬಿಸಿಲ ನಾಡಿನಲ್ಲಿ ಅವು ತಾವಾಗಿಯೇ ಹುಳಿತು ನೊರೆಗಟ್ಟುತ್ತವೆ. 1647ರಿಂದ ಮೂರು ವರ್ಷ ಬಾರ್ಬಡೋಸ್‌ನಲ್ಲಿದ್ದ ರಿಚರ್ಡ್ ಲಿಗನ್ 1657ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮಡ್ಡಿಯಿಂದ ಇಳಿಸಿದ ಮದ್ಯದ ಮಾತು ಬರುತ್ತದೆ. ಜನ ಅದನ್ನು ‘ದೆವ್ವ ಕೊಲ್ಲಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಗದ್ದಲ, ಗಲಾಟೆ ಎಂಬ ಅರ್ಥದ ‘ರಂಬುಲಿಯನ್’ ಎಂಬ ಇನ್ನೊಂದು ಹೆಸರೂ ಇತ್ತು. ಅದರ ಬಾಲ ಕತ್ತರಿಸಿ ಉಳಿದದ್ದೇ ರಮ್ ಎಂಬುದು ಬಹುಜನರ ಮತ. ಕಸವೆಂದು ಬಿಸಾಡಿದ್ದರಿಂದ ಹುಟ್ಟಿದ ಈ ಮದ್ಯ ಬೇಗನೆ ಆಫ್ರಿಕದ ಕರಾವಳಿಯಲ್ಲಿ ಗುಲಾಮರನ್ನು ಕೊಳ್ಳುವ ನಾಣ್ಯವಾಯಿತು. ಆ ಗುಲಾಮರು ಮತ್ತೆ ಕಬ್ಬಿನ ತೋಟಕ್ಕೇ ಬಂದರು. ಬ್ರಿಟಿಷ್ ನೌಕಾಪಡೆ ತನ್ನ ನಾವಿಕರಿಗೆ ದಿನದ ಪಾಲಿನ ರಮ್ ಹಂಚುವುದನ್ನು ನಿಲ್ಲಿಸಿದ್ದು 1970ರ ಜುಲೈ 31ರಂದು.

ಹೊಸಪೇಟೆಗೆ ಕಾಕಂಬಿ ಬಂದದ್ದು 1930ರ ದಶಕದಲ್ಲಿ. ದೇಶಿ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯ್ದೆ 1932ರಲ್ಲಿ ಬಂದ ಮೇಲೆ ದೇಶದ ತುಂಬ ಸಕ್ಕರೆ ಕಾರ್ಖಾನೆಗಳೆದ್ದವು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದೇ ಅಲೆಯಲ್ಲಿ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಇಂಡಿಯಾ ಶುಗರ್ಸ್ ಅಂಡ್ ರಿಫೈನರೀಸ್ ಕಾರ್ಖಾನೆ ಶುರುವಾಯಿತು. ಊರಿನ ಬಾಯಲ್ಲಿ ಅದು ಐ.ಎಸ್.ಆರ್. ಕಬ್ಬನ್ನು ಹರಳು ಮತ್ತು ಕಾಕಂಬಿಯಾಗಿ ಸೀಳುವ ಕೆಲಸ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯತೊಡಗಿತು. ಬಾರ್ಬಡೋಸ್‌ನಲ್ಲಿದ್ದ ಕಚ್ಚಾವಸ್ತು ಈಗ ತುಂಗಭದ್ರೆಯ ದಂಡೆಯಲ್ಲೂ ಇತ್ತು.

ಆದರೂ ರಮ್ ಹುಟ್ಟಲಿಲ್ಲ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ರಾಜಾಜಿಯವರು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪಾನನಿರೋಧ 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತವನ್ನು ವ್ಯಾಪಿಸಿತು. ಸ್ವತಂತ್ರ ಸಂಸ್ಥಾನವಾಗಿದ್ದ ಸಂಡೂರು 1949ರಲ್ಲಿ ಮದ್ರಾಸಿನೊಳಗೆ ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. ಪಾನನಿರೋಧ ತೆರವಾದದ್ದು 1967ರಲ್ಲಿ. ಕಾನೂನು ಬಾಗಿಲು ಹಾಕಿದರೂ ಭಟ್ಟಿ ಆರಲಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ. ಕಪ್ಪು ಬೆಲ್ಲ, ಜಾಲಿ ತೊಗಟೆ ಹಾಕಿ, ಗಡಿಗೆಯ ಮೇಲೆ ಗಡಿಗೆಯಿಟ್ಟು ಇಳಿಸುತ್ತಿದ್ದ ಕಳ್ಳಭಟ್ಟಿ ಸಾರಾಯಿ ಗುಡ್ಡದ ಸೀಮೆಯಲ್ಲಿ ಹರಿಯುತ್ತಲೇ ಇತ್ತು. ರಸಾಯನಶಾಸ್ತ್ರದ ಕಣ್ಣಿಗೆ ಅದು ಪೀಪಾಯಿ ಕಾಣದ ಬೆಲ್ಲದ ರಮ್. ಸಾವಿರಾರು ರೂಪಾಯಿ ಬೆಲೆಯ ಇಂದಿನ ಸೀಸೆಯ ನಿಜವಾದ ಪೂರ್ವಜ ಅದೇ ಎಂದರೆ ಅಬಕಾರಿ ಇಲಾಖೆಯೂ ಮದ್ಯದ ಕಂಪನಿಯೂ ಒಟ್ಟಿಗೆ ಮುನಿಸಿಕೊಳ್ಳಬಹುದು.

1967ರ ನಂತರ ಕಾಕಂಬಿಗೆ ದಾರಿ ತೆರೆಯಿತು. ಕಾಕಂಬಿಯಿಂದ ತೆಗೆದ ಸ್ಪಿರಿಟ್‌ಗೆ ನೀರು ಬೆರೆಸಿದರೆ ಸರ್ಕಾರಿ ಸಾರಾಯಿ. ಹರಾಜಿನಲ್ಲಿ ಗುತ್ತಿಗೆ ಹಿಡಿದವರು ಅದನ್ನು ಊರೂರಿಗೆ ಮುಟ್ಟಿಸಿದರು. ಮುಂದೆ ಪಾಲಿಥೀನ್ ಪ್ಯಾಕೆಟ್ ಬಂತು. ಸಂಡೂರಿನ ಗಣಿಯ ಕೂಲಿಗೆ, ಕಂಪ್ಲಿಯ ಗದ್ದೆಯ ಕೂಲಿಗೆ ಸಂಜೆಯ ಹೊತ್ತಿಗೆ ಸಿಗುತ್ತಿದ್ದುದು ಈ ಪ್ಯಾಕೆಟ್ಟು. ಕೂಲಿಯ ದುಡ್ಡು ಮನೆಯ ಹೊಸ್ತಿಲು ದಾಟುವುದು ಅದರಿಂದ ಮಿಕ್ಕಿದರೆ ಮಾತ್ರ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಇಂಥ ದುರಂತಗಳಲ್ಲಿ ಕೊಲ್ಲುವುದು ಬೆಲ್ಲವೂ ಅಲ್ಲ, ಕಾಕಂಬಿಯೂ ಅಲ್ಲ ಎಂಬುದನ್ನು ಹೇಳಬೇಕು. ಕಬ್ಬಿನ ಸಿಹಿ ಹುದುಗಿದಾಗ ಹುಟ್ಟುವುದು ಮುಖ್ಯವಾಗಿ ಎಥನಾಲ್. ಕಾರ್ಖಾನೆಗಳಿಗೆಂದು ತಯಾರಾಗುವ ಮೆಥನಾಲ್ ಅಗ್ಗವೆಂದು ಕದ್ದು ಬೆರೆಸಿದಾಗ ಕಣ್ಣು ಹೋಗುತ್ತದೆ, ಪ್ರಾಣ ಹೋಗುತ್ತದೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷ ಮೇ ತಿಂಗಳಲ್ಲೇ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯಲ್ಲಿ ವಿಷಮದ್ಯ ನೂರಕ್ಕೂ ಮಿಕ್ಕಿ ಜನರನ್ನು ಕೊಂದಿತು. ಪ್ಯಾಕೆಟ್ ಹೋದ ಜಾಗಕ್ಕೆ ಬಂದದ್ದು ವಿಸ್ಕಿ, ಬ್ರಾಂದಿ, ರಮ್ ಎಂದು ಹೆಸರು ಹೊತ್ತ ಅಗ್ಗದ ಟೆಟ್ರಾ ಪ್ಯಾಕ್. ಒಳಗಿರುವುದು ಬಹುತೇಕ ಅದೇ ಸ್ಪಿರಿಟ್. ಬಣ್ಣ, ವಾಸನೆ ಬೇರೆ. ಕಾಕಂಬಿಯ ಸ್ಪಿರಿಟ್‌ನಿಂದ ಮಾಡಿದ ನಮ್ಮ ವಿಸ್ಕಿಯನ್ನು ಐರೋಪ್ಯ ಒಕ್ಕೂಟ ವಿಸ್ಕಿಯೆಂದು ಒಪ್ಪುವುದೇ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಅಂಗಡಿಯ ವಿಸ್ಕಿ ಕುಡಿಯುವವರಲ್ಲಿ ಬಹುಮಂದಿ ತಮಗೆ ತಿಳಿಯದೆಯೇ ರಮ್‌ನ ಸೋದರಸಂಬಂಧಿಯನ್ನು ಕುಡಿಯುತ್ತಿದ್ದಾರೆ. ರಾಯಚೂರು ಸೀಮೆಯ ಹೆಂಗಸರು ಮುಂದಾಗಿ ಸಾವಿರಾರು ಮಹಿಳೆಯರು 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧ ಕೇಳಿ ನಡೆದು ಬಂದದ್ದು ಈ ಟೆಟ್ರಾ ಪ್ಯಾಕ್ ಕಾಲದಲ್ಲೇ. ರಮ್‌ನ ಪರಿಮಳದ ಬಗ್ಗೆ ಬರೆಯುವಾಗ ಇದನ್ನು ಮರೆಯುವುದು ಸರಿಯಲ್ಲ.

ಕುಡಿಯುವವರು ಸೀಸೆಯ ಚೀಟಿಯನ್ನಾದರೂ ಓದಲಿ. ಭಾರತದ ಹೆಚ್ಚಿನ ಮದ್ಯದ ಸೀಸೆಗಳ ಮೇಲೆ ಮದ್ಯಸಾರ ಶೇ. 42.8 ಎಂಬ ವಿಚಿತ್ರ ಸಂಖ್ಯೆಯಿರುತ್ತದೆ. ನಲವತ್ತೂ ಅಲ್ಲ, ನಲವತ್ತೈದೂ ಅಲ್ಲ. ಇದು ಇಂಗ್ಲಿಷರ ‘ಪ್ರೂಫ್’ ಲೆಕ್ಕದ ಉಳಿಕೆ. ಹಿಂದೆ ಮದ್ಯ ಸುರಿದು ತೋಯಿಸಿದ ಕೋವಿಮದ್ದು ಬೆಂಕಿ ತಾಕಿಸಿದರೆ ಹೊತ್ತಿಕೊಳ್ಳುತ್ತದೆಯೇ ಎಂದು ನೋಡಿ ಅದರ ಗಟ್ಟಿತನ ನಿರ್ಧರಿಸುತ್ತಿದ್ದರಂತೆ. ಮುಂದೆ ಆ ಮಟ್ಟವನ್ನು ಸುಮಾರು ಶೇ. 57.1 ಎಂದು ಗೊತ್ತುಮಾಡಿದರು. ಅದಕ್ಕಿಂತ ಕಾಲು ಪಾಲು ಕಡಿಮೆ, ಅಂದರೆ ‘25 ಅಂಡರ್ ಪ್ರೂಫ್’, ಎಂಬುದು ನಮ್ಮಲ್ಲಿ ನಿಂತ ವಾಡಿಕೆ. 57.1ರ ಮುಕ್ಕಾಲು ಭಾಗ ಮಾಡಿ ನೋಡಿ, 42.8 ಬರುತ್ತದೆ. ಇಂಗ್ಲಿಷರು ಹೋದರು, ಕೋವಿಮದ್ದಿನ ಲೆಕ್ಕ ಸೀಸೆಯಲ್ಲಿ ಉಳಿಯಿತು.

ನಮ್ಮವರಿಗೆ ರಮ್ ಎಂದರೆ ಬಹುಕಾಲ ಮಿಲಿಟರಿ ಕ್ಯಾಂಟೀನ್. ರಜೆಗೆ ಬಂದ ಯೋಧನ ಟ್ರಂಕಿನಿಂದ ಇಳಿಯುತ್ತಿದ್ದ ಸೀಸೆ ಬೆಂಗಳೂರಿನ ಖೋಡೆಯವರ ಹರ್ಕ್ಯುಲೀಸ್ ಆಗಿರುತ್ತಿತ್ತು, ಇಲ್ಲವೇ ಮೋಹನ್ ಮೀಕಿನ್ ಸಂಸ್ಥೆ 1954ರಲ್ಲಿ ಹೊರತಂದ ಓಲ್ಡ್ ಮಾಂಕ್. ಓಲ್ಡ್ ಮಾಂಕ್‌ನ ವೆನಿಲ್ಲಾ ವಾಸನೆಗೆ ನಿಷ್ಠರಾದವರು ಬೇರೊಂದನ್ನು ಮುಟ್ಟುವುದಿಲ್ಲ. ಅದು ರುಚಿಯ ವಿಷಯಕ್ಕಿಂತ ನೆನಪಿನ ವಿಷಯ, ಅದರೊಂದಿಗೆ ವಾದಿಸಿ ಫಲವಿಲ್ಲ. ಈಚಿನ ವರ್ಷಗಳಲ್ಲಿ ಮಾತ್ರ ಬೇರೆ ಬಗೆಯವು ಬಂದಿವೆ, ಕಳೆದ ಒಂದು ವರ್ಷದಲ್ಲಿ ನಾಲಗೆಗೆ ಬಿದ್ದವುಗಳಲ್ಲಿ ಮೂರು ಮನಸ್ಸಿನಲ್ಲಿ ನಿಂತಿವೆ. ಅಮೃತ್‌ನವರ ‘ಟೂ ಇಂಡೀಸ್’ 2013ರದ್ದು. ಜಮೈಕಾ, ಬಾರ್ಬಡೋಸ್, ಗಯಾನಾದ ರಮ್‌ಗಳಿಗೆ ಇಲ್ಲಿನ ಬೆಲ್ಲದ ರಮ್ ಬೆರೆಸಿದ್ದು. ಕಬ್ಬು ನಾಲ್ಕು ಶತಮಾನದ ಮೇಲೆ ನೆಂಟರನ್ನು ಕಂಡಂತೆ. ಬೆಲೆಯೂ ಅಷ್ಟು ಹೆದರಿಸುವಂಥದಲ್ಲ. ಹರಿಯಾಣದ ಪಿಕಾಡಿಲಿ ಸಂಸ್ಥೆಯ ‘ಕ್ಯಾಮಿಕಾರ’ ಕಬ್ಬಿನ ಹಾಲಿನಿಂದಲೇ ತೆಗೆದು ಹನ್ನೆರಡು ವರ್ಷ ಮಾಗಿಸಿದ್ದು. ಹಳಗನ್ನಡ ಓದಿದವರಿಗೆ ಈ ಹೆಸರು ಪರಕೀಯವಲ್ಲ, ಚಾಮೀಕರ ಎಂದರೆ ಚಿನ್ನ. ಸಿಹಿ ಕಡಿಮೆ, ಮರದ ಒಗರು ಹೆಚ್ಚು. ಮೊದಲ ಗುಟುಕಿಗೆ ಒಲಿಯುವಂಥದಲ್ಲ. ಮೂರನೆಯದು ‘ಬೆಲ್ಲ’. ಆಲೆಮನೆಯಲ್ಲಿ ಪಾಕ ಏರುವಾಗ ಬರುವ ಸುಟ್ಟ ಸಿಹಿಯ ವಾಸನೆ ಅದರಲ್ಲಿದೆ. ನಂಜನಗೂಡಿನ ಕಡೆಯಿಂದ ‘ಹುಲಿ’ ಎಂಬ ಇನ್ನೊಂದು ಬೆಲ್ಲದ ಮದ್ಯವೂ ಬಂದಿದೆ. ಅದು ತನ್ನನ್ನು ರಮ್ ಎಂದು ಕರೆದುಕೊಳ್ಳುವುದಿಲ್ಲ.

ಒಳ್ಳೆಯ ರಮ್‌ಗಳಲ್ಲಿ ಹಲವಕ್ಕೆ ಮಾಗಿದ ಬಾಳೆಹಣ್ಣಿನ ವಾಸನೆಯಿರುತ್ತದೆ. ಅದು ಬೆರೆಸಿದ್ದಲ್ಲ. ಹುದುಗುವಾಗ ಯೀಸ್ಟ್ ಐಸೋಅಮೈಲ್ ಅಸಿಟೇಟ್ ಎಂಬ ವಸ್ತುವನ್ನು ಉಂಟುಮಾಡುತ್ತದೆ, ಬಾಳೆಹಣ್ಣಿಗೆ ಪರಿಮಳ ಕೊಡುವುದೂ ಅದೇ. ತುರ್ತು ಕಾಲುವೆಯ ಬದಿಯಲ್ಲಿ ಬಾಳೆಯೂ ಕಬ್ಬೂ ಅಕ್ಕಪಕ್ಕ ನಿಂತಿರುವ ಹಂಪಿಯಲ್ಲಿ ಮಾತ್ರ ಈ ಪರಿಮಳವನ್ನು ಪರೀಕ್ಷಿಸುವಂತಿಲ್ಲ. ವಿರೂಪಾಕ್ಷನ ಸನ್ನಿಧಿಯ ಆ ಊರಿನಲ್ಲಿ ಮದ್ಯ ಮಾರಾಟವಿಲ್ಲ. ಹೊಳೆಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳಿಗೆ ದಾಟುತ್ತಿದ್ದ ಪ್ರವಾಸಿಗಳ ಕಾಲವೂ, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ಅವನ್ನು ಕೆಡವಿದ ಮೇಲೆ ಮುಗಿಯಿತು.

ಇನ್ನು ಬೆಲೆಯ ಮಾತು. ಒಂದು ಟನ್ ಕಬ್ಬು ಸಕ್ಕರೆ ಕಾರ್ಖಾನೆಗೆ ಹೋದರೆ ಸುಮಾರು 45 ಕೆ.ಜಿ. ಕಾಕಂಬಿ, ಅದರಿಂದ ಹತ್ತು ಲೀಟರಿನಷ್ಟು ಮದ್ಯಸಾರ ಸಿಗುತ್ತದೆ. ಸಕ್ಕರೆ ಬೇರೆ ಉಳಿಯುತ್ತದೆ. ಅದೇ ಒಂದು ಟನ್ ಕಬ್ಬು ನೂರು ಕೆ.ಜಿ. ಬೆಲ್ಲವಾಗಿ, ಅದಷ್ಟೂ ಭಟ್ಟಿಗೆ ಹೋದರೆ ಸುಮಾರು 45 ಲೀಟರ್. ಆದರೆ ಮಾರಲು ಬೇರೇನೂ ಉಳಿಯುವುದಿಲ್ಲ. 750 ಮಿಲಿ ಲೀಟರಿನ ಒಂದು ಸೀಸೆಯಲ್ಲಿ ಮದ್ಯಸಾರ 320 ಮಿಲಿ ಲೀಟರಿನಷ್ಟು. ಅದಕ್ಕೆ ಬೇಕಾದ ಬೆಲ್ಲ ಮುಕ್ಕಾಲು ಕೆ.ಜಿ.ಗೆ ತುಸು ಕಡಿಮೆ. ಪೀಪಾಯಿಯಿಂದ ಆವಿಯಾಗಿ ಹೋಗುವುದನ್ನೂ ಸೇರಿಸಬೇಕು. ಸ್ಕಾಟ್‌ಲೆಂಡಿನ ಚಳಿಯಲ್ಲಿ ವರ್ಷಕ್ಕೆ ಶೇ. 2ರಷ್ಟು ಹಾರಿದರೆ ಬೆಂಗಳೂರಿನಲ್ಲಿ ಶೇ. 10ಕ್ಕೂ ಮೇಲೆ. (ಹೊಸಪೇಟೆಯ ಏಪ್ರಿಲ್ ಬಿಸಿಲಿಗೆ ಪೀಪಾಯಿ ಇಟ್ಟರೆ ದೇವತೆಗಳಿಗೇ ಹಬ್ಬ.) ಆರು ವರ್ಷ ಕಳೆದಾಗ ಉಳಿಯುವುದು ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ಒಂದು ಸೀಸೆಯ ಹಿಂದೆ ಒಂದೂಕಾಲು ಕೆ.ಜಿ.ಗೂ ಮೇಲ್ಪಟ್ಟು ಬೆಲ್ಲ, ಅಂದರೆ ಹದಿಮೂರು-ಹದಿನಾಲ್ಕು ಕೆ.ಜಿ. ಕಬ್ಬು ಇರುತ್ತದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಬ್ಬಿಗೆ ನಿಗದಿ ಮಾಡಿದ ದರ ಕ್ವಿಂಟಾಲಿಗೆ 355 ರೂಪಾಯಿ. ಸಾವಿರಾರು ರೂಪಾಯಿಯ ಸೀಸೆಯಲ್ಲಿ ಬೆಳೆದವನ ಪಾಲು ಐವತ್ತು ರೂಪಾಯಿ ದಾಟುವುದಿಲ್ಲ.

ಹೊಸಪೇಟೆಯ ರೈತನಿಗೆ ಆ ಐವತ್ತೂ ಸುಲಭದ್ದಲ್ಲ. ಕಂಪ್ಲಿಯ ಸಕ್ಕರೆ ಕಾರ್ಖಾನೆ ಹಿಂದೆಯೇ ನಿಂತಿತು. ಚಿತ್ತವಾಡ್ಗಿಯ ಐ.ಎಸ್.ಆರ್. ಬಾಗಿಲು ಹಾಕಿಯೂ ವರ್ಷಗಳಾದವು. 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಾರ್ಖಾನೆ ಬೇಕೆಂಬ ಬೇಡಿಕೆ ಎರಡೂ ಕಡೆ ಉಳಿಯಿತು. ಕಬ್ಬು ಲಾರಿ ಹತ್ತಿ ಬೇರೆ ಜಿಲ್ಲೆಗಳಿಗೆ ಹೋಗುತ್ತದೆ. ಸಾಗಣೆಯ ಖರ್ಚು, ದಾರಿಯಲ್ಲಿ ಒಣಗಿದ ತೂಕ ಎರಡೂ ರೈತನ ತಲೆಗೆ. ಆ ಕಾರ್ಖಾನೆಗಳ ಕಾಕಂಬಿ ಹೆಚ್ಚಾಗಿ ಹೋಗುವುದು ಈಗ ರಮ್‌ಗಲ್ಲ, ಪೆಟ್ರೋಲಿಗೆ. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು.

ಹಾಗಾಗಿ ಕೆಲವರು ಮತ್ತೆ ಆಲೆಮನೆಯ ಕಡೆ ತಿರುಗಿದ್ದಾರೆ. ಅಲ್ಲೂ ಒಂದು ವಿಪರ್ಯಾಸವಿದೆ. ಪೇಟೆಯ ಗಿರಾಕಿಗೆ ಬೆಲ್ಲ ಹೊನ್ನಿನ ಬಣ್ಣದ್ದಾಗಬೇಕು. ಆ ಬಣ್ಣಕ್ಕಾಗಿ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಪುಡಿ ಬೀಳುತ್ತದೆ. ಅದರ ಗಂಧಕದ ಅಂಶ ಯೀಸ್ಟ್‌ಗೆ ಶತ್ರು. ಭಟ್ಟಿಗೆ ಬೇಕಾದದ್ದು ಪುಡಿ ಕಾಣದ, ಕಪ್ಪಗೆ ಮೆತ್ತಗಿರುವ ಬೆಲ್ಲ. ಆ ಬೆಲ್ಲವನ್ನು ಗಡಿಯಾಚೆ ತೆಲುಗು ಸೀಮೆಯಲ್ಲಿ ಕಳ್ಳಭಟ್ಟಿಗೆಂದು ಶಂಕಿಸಿ ಅಬಕಾರಿಯವರು ಹಿಡಿಯುತ್ತಾರೆ. ಮಂಡಿಯ ವ್ಯಾಪಾರಿ ಅಚ್ಚನ್ನು ಒಡೆದು, ಬಣ್ಣ ನೋಡಿ, ದರ ಇಳಿಸುತ್ತಾನೆ.